ಚಂದ್ರಶೇಖರ ಕಂಬಾರ: ನಾಟಕ, ಪಾಠ, ಬಯಲಾಟ – ಪದೇ ಪದೇ ಕೇಳುವ ಪ್ರಶ್ನೆಗಳು

ಕಂಬಾರರ ನಾಟಕ ಆಡಿಸಲು ಹೊರಟವರು, ಪರೀಕ್ಷೆಗೆ ಓದುವವರು, 'ಕಾಡು ಕುದುರೆ' ಹಾಡು ಕೇಳಿ ಬರೆದವರು ಯಾರು ಅಂತ ಹುಡುಕಿಕೊಂಡು ಬಂದವರು, ಎಲ್ಲರೂ ಸುಮಾರಾಗಿ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಒಂದು ಕಡೆ ಬರೆದಿಟ್ಟರೆ ಎಲ್ಲರಿಗೂ ಅನುಕೂಲ. ಕೆಲವು ಪ್ರಶ್ನೆಗೆ ಎರಡು ಸಾಲು ಸಾಕು. 'ಜೋಕುಮಾರಸ್ವಾಮಿ'ಗೆ ಮಾತ್ರ ಸಾಕಾಗುವುದಿಲ್ಲ.

ಕಂಬಾರರು ಕವಿಯಾ, ನಾಟಕಕಾರರಾ, ಪ್ರೊಫೆಸರಾ?

ಎಲ್ಲವೂ ಹೌದು. ಕಾದಂಬರಿಕಾರ, ಸಿನಿಮಾ ನಿರ್ದೇಶಕ, ತಮ್ಮ ಪದ್ಯಗಳನ್ನು ತಾವೇ ಎತ್ತಿದ ದನಿಯಲ್ಲಿ ಹಾಡುವವರು ಅಂತಲೂ ಸೇರಿಸಿಕೊಳ್ಳಿ. ಇಲ್ಲಿ ನೋಡುವುದು ಎರಡು ಮುಖಗಳನ್ನು. ಒಂದು, ನಾಟಕ ಬರೆದದ್ದು. ಇನ್ನೊಂದು, ಊರೂರು ತಿರುಗಿ ನಾಟಕದ ಬಗ್ಗೆ ಸಂಶೋಧನೆ ಮಾಡಿದ್ದು, ಪಾಠ ಹೇಳಿದ್ದು. ಜನ ಇವನ್ನು ಬೇರೆ ಬೇರೆ ಖಾನೆಗೆ ಹಾಕುತ್ತಾರೆ: ಬೆಳಿಗ್ಗೆ ಮೇಷ್ಟ್ರು, ಸಂಜೆ ನಾಟಕಕಾರ ಅನ್ನುವ ಹಾಗೆ. ನನಗೆ ಅದು ಒಪ್ಪಿಗೆಯಿಲ್ಲ. ಅವರ ಒಳ್ಳೆಯ ನಾಟಕಗಳಲ್ಲಿ ಸಂಶೋಧಕ ಕೂತೇ ಇರುತ್ತಾನೆ, ಕಾಣಿಸಿಕೊಳ್ಳುವುದಿಲ್ಲ ಅಷ್ಟೇ. ಹೇಗೆ ಅಂತ ಕೆಳಗೆ ಹೇಳುತ್ತೇನೆ.

ಅವರ ಊರು ಯಾವುದು?

ಘೋಡಗೇರಿ. ಬೆಳಗಾವಿ ಜಿಲ್ಲೆ, ಹುಕ್ಕೇರಿ ತಾಲೂಕು, ಘಟಪ್ರಭಾ ನದಿಯ ದಂಡೆ. ಹುಟ್ಟಿದ್ದು 1937ರ ಜನವರಿ 2ರಂದು. ಕಮ್ಮಾರಿಕೆಯ ಮನೆತನ. ಗೋಕಾಕ ಸೀಮೆ ಅಂದರೆ ಆಟಗಳ ಸೀಮೆ. 'ಶ್ರೀಕೃಷ್ಣ ಪಾರಿಜಾತ' ಅನ್ನುವ ಆಟ ಬೆಳೆದ ಕುಲಗೋಡ ಅದೇ ಭಾಗದ್ದು. ಪಾರಿಜಾತಕ್ಕೆ ದೊಡ್ಡ ಹೆಸರು ತಂದ ಕೌಜಲಗಿ ನಿಂಗಮ್ಮನ ಊರೂ ಅಲ್ಲೇ ಹತ್ತಿರ. ಸುಗ್ಗಿ ಮುಗಿದ ಮೇಲೆ ಅಟ್ಟ ಕಟ್ಟಿ ಬೆಳತನಕ ಆಡುವುದು ಅಲ್ಲಿನ ರೂಢಿ. ಲಾವಣಿ, ಡೊಳ್ಳಿನ ಹಾಡು, ತತ್ವಪದ ಎಲ್ಲಾ ಕಿವಿಗೆ ಬೀಳುತ್ತಿದ್ದ ಕಾಲ. ನಾಟಕ ಅಂದರೆ ಏನು ಅಂತ ಆ ಊರಿನ ಹುಡುಗರಿಗೆ ಯಾರೂ ಕೂರಿಸಿಕೊಂಡು ಹೇಳಬೇಕಾಗಿರಲಿಲ್ಲ.

ಓದು ಅರ್ಧಕ್ಕೆ ನಿಂತಿತ್ತು ಅಂತಾರಲ್ಲ, ನಿಜಾನಾ?

ನಿಜ. ಗೋಕಾಕದಲ್ಲಿ ಹೈಸ್ಕೂಲು ಓದುವಾಗ ಬಡತನದಿಂದ ಶಾಲೆ ಬಿಡಬೇಕಾಯಿತು. ಆಗ ಕೈಹಿಡಿದವರು ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು. ಖರ್ಚು ವಹಿಸಿಕೊಂಡು ಓದಿಸಿದರು. ಆಮೇಲೆ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಬಿ.ಎ., ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎ., ಅಲ್ಲೇ ಪಿಎಚ್.ಡಿ. ಮಠ ಇರುವ ಶಿವಾಪುರದ ಹೆಸರು ಮುಂದೆ ಇನ್ನೊಂದು ರೂಪದಲ್ಲಿ ಬರುತ್ತದೆ, ನೆನಪಿಟ್ಟುಕೊಳ್ಳಿ.

ಪಿಎಚ್.ಡಿ. ಯಾವುದರ ಮೇಲೆ ಮಾಡಿದರು?

ಉತ್ತರ ಕರ್ನಾಟಕದ ಜಾನಪದ ರಂಗಭೂಮಿಯ ಮೇಲೆ. ಅದೇ ಹೆಸರಿನ ಪುಸ್ತಕ 1980ರಲ್ಲಿ ಬಂತು. ಇವತ್ತು ಇದು ಮಾಮೂಲಿ ವಿಷಯ ಅನ್ನಿಸಬಹುದು. ಆಗ ಹಾಗಿರಲಿಲ್ಲ. ನಾಟಕ ಅಂದರೆ ಸಂಸ್ಕೃತದ್ದು, ಇಂಗ್ಲಿಷಿನದ್ದು, ಇಲ್ಲಾ ಕಂಪನಿಯದ್ದು. ಹಳ್ಳಿಯವರು ಕುಣಿಯುವುದಕ್ಕೆ 'ಆಟ' ಅಂತ ಬೇರೆ ಹೆಸರಿತ್ತು, ಅದನ್ನು ವಿಶ್ವವಿದ್ಯಾಲಯದ ಬಾಗಿಲೊಳಗೆ ಬಿಡುವವರು ಕಡಿಮೆ. ಕಂಬಾರರು ಆ ಆಟಗಳ ಪಠ್ಯ ಸಂಗ್ರಹಿಸಿದರು, ಸಂಪಾದಿಸಿದರು. ಅವರ ಸಂಪಾದಕತ್ವದಲ್ಲಿ 1985ರಲ್ಲಿ ಎರಡು ಸಂಪುಟಗಳ ಕನ್ನಡ ಜಾನಪದ ವಿಶ್ವಕೋಶವೂ ಬಂತು.

ಬಯಲಾಟ, ದೊಡ್ಡಾಟ, ಸಣ್ಣಾಟ ಅಂತೆಲ್ಲಾ ಕೇಳುತ್ತೇವೆ. ವ್ಯತ್ಯಾಸ ಏನು?

ಬಯಲಿನಲ್ಲಿ ಆಡುವುದಕ್ಕೆಲ್ಲಾ ಬಯಲಾಟ ಅನ್ನುತ್ತಾರೆ. ಅದರಲ್ಲಿ ದೊಡ್ಡಾಟ ಅಂದರೆ ಪುರಾಣದ ಕಥೆ, ಭುಜಕೀರ್ತಿ, ಕಿರೀಟ, ಅಟ್ಟ ನಡುಗುವ ಹಾಗೆ ಕುಣಿತ. ಸಣ್ಣಾಟದಲ್ಲಿ ಪಾತ್ರ ಕಡಿಮೆ, ವೇಷ ಸರಳ, ಮಾತು ದಿನಬಳಕೆಯದು. ಕಥೆ ಮನೆ, ಓಣಿ, ಗಂಡ ಹೆಂಡತಿ, ಗೆಳೆಯರ ನಡುವಿನದು. ದಪ್ಪು, ತಾಳ, ಹಾರ್ಮೋನಿಯಂ ಹಿಡಿದ ಹಿಮ್ಮೇಳದವರು ಪಾತ್ರಧಾರಿಯ ಹಿಂದೆಯೇ ನಿಂತಿರುತ್ತಾರೆ. ಅವನು ಅರ್ಧ ಸಾಲು ಹಾಡಿದರೆ ಇವರು ಪೂರ್ತಿ ಮಾಡುತ್ತಾರೆ. ಅವನು ಸುಳ್ಳು ಹೇಳಿದರೆ ಇವರೇ ಕೇಳುತ್ತಾರೆ: ಹಂಗಲ್ಲಲ್ಲೋ, ನಿನ್ನೆ ಬ್ಯಾರೆ ಹೇಳಿದ್ದೆಲ್ಲ?

ಸಣ್ಣಾಟದಲ್ಲಿ ದೊಡ್ಡ ಹೆಸರು 'ಸಂಗ್ಯಾ ಬಾಳ್ಯಾ'. ಬೈಲಹೊಂಗಲ ಕಡೆ ನಡೆದ ಘಟನೆಯಿಂದ ಹುಟ್ಟಿದ ಆಟ. ಸಂಗ್ಯಾ ಶ್ರೀಮಂತ. ಈರಣ್ಣನ ಹೆಂಡತಿ ಗಂಗಿಯ ಮೇಲೆ ಮನಸ್ಸು ಮಾಡುತ್ತಾನೆ. ಗೆಳೆಯ ಬಾಳ್ಯಾ ನಡುವೆ ಇದ್ದಾನೆ. ಕೊನೆಗೆ ಸಂಗ್ಯಾನ ಕೊಲೆಯಾಗುತ್ತದೆ. ಈ ಆಟದ ಕಥೆಯನ್ನು ಸ್ವಲ್ಪ ತಲೆಯಲ್ಲಿ ಇಟ್ಟುಕೊಂಡು ಮುಂದಿನ ಪ್ರಶ್ನೆಗೆ ಬನ್ನಿ.

'ಜೋಕುಮಾರಸ್ವಾಮಿ' ನಾಟಕದ ಕಥೆ ಏನು? ಅದು ಯಾಕೆ ಅಷ್ಟು ಮುಖ್ಯ?

ಒಂದು ಹಳ್ಳಿ, ಅಲ್ಲೊಬ್ಬ ಗೌಡ. ಕೈಯಲ್ಲಿ ಬಂದೂಕು. ಕಂಡ ಹೊಲವೆಲ್ಲಾ ತನ್ನದು ಅನ್ನುತ್ತಾನೆ, ಕಂಡ ಹೆಣ್ಣೂ ತನ್ನದು ಅನ್ನುತ್ತಾನೆ. ಆದರೆ ಅವನು ಷಂಡ. ಮನೆಯಲ್ಲಿ ಗೌಡತಿ ಮಕ್ಕಳಿಲ್ಲದೆ ಗಿಳಿ ಮಾತಾಡಿಸಿಕೊಂಡು ಕೂತಿದ್ದಾಳೆ. ಬಸಣ್ಣ ಅನ್ನುವ ರೈತ ಒಂದು ಹೊಲವನ್ನು ಉತ್ತು ಹಸನು ಮಾಡಿದ್ದಾನೆ. ಆ ಹೊಲದ ಮೇಲೂ ಗೌಡನ ಕಣ್ಣು. ಗೌಡ ಹೆದರುವ ಒಬ್ಬನೇ ಮನುಷ್ಯ ಬಸಣ್ಣ.

ಜೋಕುಮಾರನ ಪೂಜೆ ಮಾಡಿ, ಪಡವಲಕಾಯಿ ಪಲ್ಯ ಮಾಡಿ ಗಂಡನಿಗೆ ಉಣ್ಣಿಸಿದರೆ ಮಕ್ಕಳಾಗುತ್ತವೆ ಅನ್ನುವ ನಂಬಿಕೆ. ಗೌಡತಿ ಬುತ್ತಿ ಕಟ್ಟಿಕೊಂಡು ರಾತ್ರಿ ಹೊಲಕ್ಕೆ ಹೋಗುತ್ತಾಳೆ. ಗಂಡ ಅಲ್ಲಿರಬೇಕಿತ್ತು. ಪಲ್ಯ ಉಂಡವನು ಬಸಣ್ಣ. ಗೌಡತಿ ಬಸುರಾಗುತ್ತಾಳೆ, ಬಸಣ್ಣನ ಕೊಲೆಯಾಗುತ್ತದೆ.

ಈಗ 'ಸಂಗ್ಯಾ ಬಾಳ್ಯಾ' ಪಕ್ಕದಲ್ಲಿಟ್ಟು ನೋಡಿ. ಅಲ್ಲೂ ಬೇರೆಯವನ ಹೆಂಡತಿ, ಇಲ್ಲೂ. ಅಲ್ಲೂ ಕೊಲೆ, ಇಲ್ಲೂ. ಆದರೆ ತೀರ್ಪು ಪೂರಾ ಉಲ್ಟಾ. ಸಣ್ಣಾಟ ನೋಡಿ ಎದ್ದು ಹೋಗುವವನು 'ಪರನಾರಿ ಸಂಗ ಬ್ಯಾಡೋ' ಅಂದುಕೊಂಡು ಹೋಗುತ್ತಾನೆ. ಕಂಬಾರರ ನಾಟಕ ನೋಡಿದವನು ಕೊಂದವನ ಕಡೆ ನೋಡುತ್ತಾನೆ. ಉಳದ ಗೌಡನಿಗೆ ಹೊಲ ಯಾಕೆ? ಪ್ರೀತಿಸದವನಿಗೆ ಹೆಂಡತಿ ಯಾಕೆ? ಈ ಎರಡೂ ಪ್ರಶ್ನೆಯನ್ನು ಒಂದೇ ಕಥೆಯೊಳಗೆ ಕೇಳಿದ್ದು ಈ ನಾಟಕದ ಜಾಣತನ. ಆಟದ ಚೌಕಟ್ಟನ್ನು ಒಳಗಿನಿಂದ ಗೊತ್ತಿದ್ದವನು ಮಾತ್ರ ಅದನ್ನು ಹೀಗೆ ಮಗ್ಗುಲು ಬದಲಿಸಬಲ್ಲ. ಸಂಶೋಧಕ ಒಳಗೆ ಕೂತಿದ್ದಾನೆ ಅಂದದ್ದು ಇದಕ್ಕೇ.

ಇನ್ನೊಂದು ಮಾತು. ಆಟ ಶುರುವಾಗುವುದು ಗಣಪತಿ ಪೂಜೆಯಿಂದ ಅಲ್ವಾ? ಇಲ್ಲಿ ಗಣಪನ ಜಾಗದಲ್ಲಿ ಜೋಕುಮಾರಸ್ವಾಮಿಯನ್ನು ತಂದು ಕೂರಿಸುತ್ತಾರೆ. ಸೂತ್ರಧಾರನಿಗೂ ಹಿಮ್ಮೇಳಕ್ಕೂ ಅದರ ಮೇಲೆಯೇ ಮಾತಿಗೆ ಮಾತು. ನಾಟಕ ಯಾರ ಪರ ಅನ್ನುವುದು ಕಥೆ ಶುರುವಾಗುವ ಮುಂಚೆಯೇ ಗೊತ್ತಾಗಿಬಿಡುತ್ತದೆ.

ಜೋಕುಮಾರ ಅನ್ನೋ ದೇವರು ನಿಜವಾಗಿ ಇದ್ದಾನಾ?

ಇದ್ದಾನೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇವತ್ತಿಗೂ ಬರುತ್ತಾನೆ. ಭಾದ್ರಪದದಲ್ಲಿ ಗಣಪತಿ ಹೋದ ಮೇಲೆ, ಅಷ್ಟಮಿಗೆ ಹುಟ್ಟಿ ಹುಣ್ಣಿಮೆಗೆ ಸಾಯುತ್ತಾನೆ. ಏಳೇ ದಿನದ ಬಾಳು. ಕುಂಬಾರರು ಹಸಿಮಣ್ಣಿನಲ್ಲಿ ಮಾಡಿಕೊಡುತ್ತಾರೆ. ಅಗಲ ಮುಖ, ದೊಡ್ಡ ಕಣ್ಣು, ಹುರಿ ಮೀಸೆ, ಬಾಯಿಗೆ ಬೆಣ್ಣೆ. ಬುಟ್ಟಿಯಲ್ಲಿ ಬೇವಿನ ಸೊಪ್ಪು ಹಾಸಿ ಕೂರಿಸಿ, ಅಂಬಿಗರ ಹೆಣ್ಣುಮಕ್ಕಳು ತಲೆಯ ಮೇಲೆ ಹೊತ್ತು ಮನೆಮನೆಗೆ ಬರುತ್ತಾರೆ. ಅಂಗಳದಲ್ಲಿ ಬುಟ್ಟಿ ಇಳಿಸಿ, ಸುತ್ತ ಕೂತು ಹಾಡುತ್ತಾರೆ. ಮನೆಯವರು ಮೊರದಲ್ಲಿ ಜೋಳ ಕೊಡುತ್ತಾರೆ. ಅವರು ಕೊಟ್ಟ ಬೇವು, ನುಚ್ಚು ಹೊಲಕ್ಕೆ ಹೋಗುತ್ತದೆ. ಬೆಳೆ ಚೆನ್ನಾಗಿ ಬರಲಿ ಅಂತ ಚೆಲ್ಲುತ್ತಾರೆ.

ಕಥೆ ಏನಪ್ಪಾ ಅಂದರೆ, ಮೊದಲು ಭೂಮಿಗೆ ಬಂದ ಗಣಪ ಕಡುಬು ಉಂಡು, ಹೊಟ್ಟೆ ತುಂಬಿಸಿಕೊಂಡು ಹೋಗಿ ಶಿವನಿಗೆ ಎಲ್ಲಾ ಚೆನ್ನಾಗಿದೆ ಅಂತ ವರದಿ ಒಪ್ಪಿಸುತ್ತಾನೆ. ಆಮೇಲೆ ಬಂದ ಜೋಕುಮಾರ ಹೊಲಗದ್ದೆ ಅಲೆದು, ಮಳೆಯಿಲ್ಲ, ಜನ ಕಷ್ಟದಲ್ಲಿದ್ದಾರೆ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾನೆ. ಆಮೇಲೆ ಮಳೆ ಬರುತ್ತದೆ. ಹೆಣ್ಣುಮಕ್ಕಳ ಬೆನ್ನು ಹತ್ತಿದವನು ಅಂತ ಅವನನ್ನೇ ಹುಣ್ಣಿಮೆ ರಾತ್ರಿ ಕೊಂದು ಹೊಳೆಗೆ ಹಾಕುತ್ತಾರೆ. ಪುಂಡ, ಆದರೆ ಮಳೆ ತಂದವನು. ನಾಟಕದ ಬಸಣ್ಣ ಯಾರು ಅಂತ ಬಿಡಿಸಿ ಹೇಳಬೇಕಿಲ್ಲ.

ಹುಡುಗರಿಗೆ ನಾನು ಹೇಳುವುದು: ನಾಟಕ ಆಡಿಸುವ ಮುಂಚೆ ಒಂದು ಭಾದ್ರಪದದಲ್ಲಿ ಗದಗ, ಕೊಪ್ಪಳ, ಬಾಗಲಕೋಟೆ ಕಡೆಯ ಯಾವುದಾದರೂ ಹಳ್ಳಿಗೆ ಹೋಗಿ ಬುಟ್ಟಿ ಇಳಿಸುವುದನ್ನು ನೋಡಿ ಬನ್ನಿ. ಹತ್ತು ವಿಮರ್ಶೆ ಓದಿದ್ದಕ್ಕಿಂತ ಜಾಸ್ತಿ ಸಿಗುತ್ತದೆ.

1972ರಲ್ಲಿ ಬೆಂಗಳೂರಿನಲ್ಲಿ ಏನಾಯಿತು? ಎಲ್ಲರೂ ಆ ವರ್ಷದ ಮಾತು ಎತ್ತುತ್ತಾರೆ.

ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ಬಿ.ವಿ. ಕಾರಂತರು ಮೂರು ನಾಟಕ ಆಡಿಸಿದರು. ಲಂಕೇಶರು ಕನ್ನಡಕ್ಕೆ ತಂದ 'ಈಡಿಪಸ್', ಲಂಕೇಶರದೇ 'ಸಂಕ್ರಾಂತಿ', ಕಂಬಾರರ 'ಜೋಕುಮಾರಸ್ವಾಮಿ'. ಅಲ್ಲಿಯವರೆಗೆ ಬೆಂಗಳೂರಿನ ಹವ್ಯಾಸಿ ನಾಟಕ ಅಂದರೆ ಜಾಸ್ತಿ ದಿವಾನಖಾನೆ. ಸೋಫಾ, ಟೀಪಾಯಿ, ನಾಲ್ಕು ಜನ, ಮಾತು. ಆಕಾಶದ ಕೆಳಗೆ ಹಾಡು ಕುಣಿತ ಬಂದದ್ದೇ ತಡ, ನೋಡುವವರ ಕಣ್ಣು ಬದಲಾಯಿತು. ಸಂಗೀತ ನಾಟಕಕ್ಕೆ ಅಂಟಿಸಿದ ಅಲಂಕಾರ ಅಲ್ಲ, ನಾಟಕ ನಡೆಯುವುದೇ ಅದರ ಮೇಲೆ ಅಂತ ಕಾರಂತರು ತೋರಿಸಿದರು. ಕಂಬಾರರ ಸಾಲುಗಳು ಅದಕ್ಕೆ ಹೇಳಿ ಮಾಡಿಸಿದ ಹಾಗಿದ್ದವು.

ಕಾಲವೂ ಕೂಡಿ ಬಂದಿತ್ತು ಅನ್ನಿ. 'ಉಳುವವನೇ ಹೊಲದೊಡೆಯ' ಅನ್ನುವ ಮಾತು ಎಲ್ಲೆಡೆ ಓಡಾಡುತ್ತಿದ್ದ ವರ್ಷಗಳು. ದೇವರಾಜ ಅರಸರ ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದದ್ದು 1974ರಲ್ಲಿ. ನಾಟಕ ಅದಕ್ಕಿಂತ ಎರಡು ವರ್ಷ ಮುಂದೆ.

ಕಾರ್ನಾಡರ 'ಹಯವದನ'ವೂ ಜಾನಪದವೇ ಅಲ್ವಾ? ಹಾಗಾದರೆ ಇದರಲ್ಲಿ ಹೊಸದೇನು?

'ಹಯವದನ' 1971ರದು. ಅದೂ ಭಾಗವತನನ್ನು ತರುತ್ತದೆ, ಯಕ್ಷಗಾನದಿಂದ ಪಡೆಯುತ್ತದೆ. ಕಾರ್ನಾಡರು ಆ ರೂಪವನ್ನು ಕೈಗೆತ್ತಿಕೊಂಡು, ತಿರುಗಿಸಿ ನೋಡಿ, ಒಂದು ವಿಚಾರ ಹೇಳಲು ಬಳಸಿದರು. ಅವರ ಮಾತು ನಗರದ ಓದುಗನ ಮಾತು, ಅಚ್ಚುಕಟ್ಟು. ಕಂಬಾರರಲ್ಲಿ ವಿಚಾರಕ್ಕಿಂತ ಮುಂಚೆ ಹಾಡು ಬರುತ್ತದೆ, ಬೈಗುಳ ಬರುತ್ತದೆ, ನಗು ಬರುತ್ತದೆ. ಓದುವಾಗ ಕಾರ್ನಾಡರು ಗೆಲ್ಲುತ್ತಾರೆ. ರಾತ್ರಿ ಬಯಲಿನಲ್ಲಿ ಒಳ್ಳೆಯ ಹಿಮ್ಮೇಳ ಸಿಕ್ಕರೆ ಕಂಬಾರರು. ಇದು ನನ್ನ ಅಭಿಪ್ರಾಯ, ಜಗಳಕ್ಕೆ ಬರುವವರು ಬರಬಹುದು.

'ಸಿರಿಸಂಪಿಗೆ', 'ನಾಗಮಂಡಲ' ಎರಡೂ ಒಂದೇ ಕಥೆನಾ?

ಒಂದೇ ಕಥೆ ಅಲ್ಲ, ಒಂದೇ ಕಣಜದ ಕಾಳು. ಎರಡರಲ್ಲೂ ಹೆಂಡತಿ, ಗಂಡ, ಗಂಡನ ಜಾಗಕ್ಕೆ ಬರುವ ಹಾವು ಇದ್ದಾರೆ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳಿಂದ ಕಾರ್ನಾಡರು 1988ರಲ್ಲಿ 'ನಾಗಮಂಡಲ' ಬರೆದರು. 'ಸಿರಿಸಂಪಿಗೆ' 1986ರದು. ಕಾರ್ನಾಡರಲ್ಲಿ ಕಥೆ ಹೆಂಡತಿಯ ಕಡೆಯಿಂದ ನಡೆಯುತ್ತದೆ. ಕಂಬಾರರಲ್ಲಿ ಹುಚ್ಚು ರಾಜಕುಮಾರನದು. ತನ್ನ ಮನಸ್ಸಿನ ಪರಿಪೂರ್ಣ ಚೆಲುವೆ ಬೇಕು ಅಂತ ಹಟ ಹಿಡಿದು, ತನ್ನನ್ನೇ ಎರಡು ಹೋಳು ಮಾಡಿಸಿಕೊಳ್ಳುತ್ತಾನೆ. ಹೀಗೆ ಹುಟ್ಟಿದ ಹಾವು ಅವನ ಇನ್ನೊಂದು ಪಾಲೇ. ಅದನ್ನು ಕೊಲ್ಲಲು ಹೊರಟರೆ ಯಾರನ್ನು ಕೊಂದಂತೆ ಅನ್ನುವುದು ನಾಟಕದ ಇಕ್ಕಟ್ಟು. ಈ ನಾಟಕಕ್ಕೆ 1991ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಯಾರು ಯಾರಿಂದ ತೆಗೆದುಕೊಂಡರು ಅನ್ನುವ ಜಗಳ ಸುಮ್ನೆ. ಅಜ್ಜಿ ಹೇಳಿದ ಕಥೆಗೆ ಕಾಪಿರೈಟ್ ಇಲ್ಲ.

ಶಿವಾಪುರ ಎಲ್ಲಿದೆ? ಹೋಗಬಹುದಾ?

ಸಾವಳಗಿ ಮಠದ ಶಿವಾಪುರಕ್ಕೆ ಹೋಗಬಹುದು. ಕಂಬಾರರ ಬರಹದ ಶಿವಾಪುರಕ್ಕೆ ಬಸ್ಸಿಲ್ಲ. ಅದು ಅವರು ಕಟ್ಟಿಕೊಂಡ ಊರು. ಕರಿಮಾಯಿ ಅನ್ನುವ ತಾಯಿ ಅಲ್ಲಿದ್ದಾಳೆ, ಗೌಡರು ಇದ್ದಾರೆ, ಪೇಟೆಯಿಂದ ದುಡ್ಡು, ಚುನಾವಣೆ ಬಂದು ಊರು ಕೆಡುವುದೂ ಇದೆ. ಕಾವ್ಯ, ಕಾದಂಬರಿ, ನಾಟಕ ಮೂರರಲ್ಲೂ ಈ ಹೆಸರು ತಿರುತಿರುಗಿ ಬರುತ್ತದೆ. ಬ್ರಿಟಿಷರು ಬಂದ ಮೇಲೆ ಹಳ್ಳಿಯ ಒಳಗಿನ ಬಿಗಿ ಹೇಗೆ ಸಡಿಲವಾಯಿತು ಅನ್ನುವುದು ಅವರು ಬಿಡದೆ ಕೆದಕಿದ ವಿಷಯ.

ಭಾಷೆ ಕಷ್ಟ. ಮೈಸೂರು, ಮಂಗಳೂರು ಕಡೆಯವರಿಗೆ ಅರ್ಥ ಆಗುತ್ತಾ?

ಆಗುತ್ತದೆ, ಜೋರಾಗಿ ಓದಿದರೆ. ಕಣ್ಣಲ್ಲಿ ಓದಿದರೆ 'ಬಂದಾನ', 'ಹೋಗತೇನ' ಅನ್ನುವುದೆಲ್ಲಾ ಕಾಲಿಗೆ ತೊಡರುತ್ತದೆ. ಬಾಯಿಬಿಟ್ಟು ಹೇಳಿದ ಕೂಡಲೇ ಲಯ ಸಿಗುತ್ತದೆ, ಅರ್ಥ ಅದರ ಹಿಂದೆ ಬರುತ್ತದೆ. 1964ರಲ್ಲಿ ಬಂದ 'ಹೇಳತೇನ ಕೇಳ' ಕವನದಿಂದಲೇ ಅವರು ಈ ಮಾತನ್ನು ಹಿಡಿದರು. ಬೇಂದ್ರೆಯವರ ದಾರಿ ಅದು, ಹೌದು. ಆದರೆ ಬೇಂದ್ರೆ ಧಾರವಾಡದ ಓಣಿಯ ಮಾತನ್ನು ಭಾವಗೀತೆಗೆ ತಂದರು. ಕಂಬಾರರು ಬೆಳಗಾವಿ ಸೀಮೆಯ ಮಾತನ್ನು ರಂಗದ ಮೇಲೆ ಜಗಳಕ್ಕೆ ನಿಲ್ಲಿಸಿದರು.

ಒಂದು ಎಚ್ಚರಿಕೆ. ಆಡಿಸುವಾಗ ಈ ಭಾಷೆಯನ್ನು 'ಕಾಮಿಡಿ ಹಳ್ಳಿ ಭಾಷೆ' ಮಾಡಬೇಡಿ. ಸಿನಿಮಾದಲ್ಲಿ ಉತ್ತರ ಕರ್ನಾಟಕದವರನ್ನು ನಗಿಸಲಿಕ್ಕೆ ಇಟ್ಟುಕೊಂಡದ್ದು ಸಾಕು.

ಅವರ ನಾಟಕದಲ್ಲಿ ರಾಜಕೀಯ ಇದೆಯಾ, ಬರೀ ಜಾನಪದನಾ?

ಧಾರಾಳವಾಗಿ ಇದೆ. 'ಜೈಸಿದ ನಾಯಕ', 'ಹರಕೆಯ ಕುರಿ', 'ಸಾಂಬಶಿವ ಪ್ರಹಸನ' ಎಲ್ಲಾ ಅಧಿಕಾರದ ಸುತ್ತಲೇ ಸುತ್ತುತ್ತವೆ. 'ಶಿವರಾತ್ರಿ' 2011ರಲ್ಲಿ ಬಂದದ್ದು, ಬಸವಣ್ಣನ ಕಲ್ಯಾಣದ ಕಥೆ. ಕಲ್ಯಾಣದ ಮೇಲೆ ಕನ್ನಡದಲ್ಲಿ ನಾಟಕಗಳ ಸಾಲೇ ಇದೆ: ಲಂಕೇಶರ 'ಸಂಕ್ರಾಂತಿ', ಎಚ್.ಎಸ್. ಶಿವಪ್ರಕಾಶರ 'ಮಹಾಚೈತ್ರ', ಕಾರ್ನಾಡರ 'ತಲೆದಂಡ', ಆಮೇಲೆ ಇದು. ನಾಲ್ಕನ್ನೂ ಒಂದೇ ತಿಂಗಳಲ್ಲಿ ಓದಿದರೆ ಒಂದು ಒಳ್ಳೆಯ ಸೆಮಿನಾರಿಗೆ ಆಗುವಷ್ಟು ಸರಕು ಸಿಗುತ್ತದೆ.

ಮೇಷ್ಟ್ರಾಗಿ, ಆಡಳಿತಗಾರರಾಗಿ ಏನು ಮಾಡಿದರು?

1968–69ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. 1971ರಿಂದ ಎರಡು ದಶಕ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಇದ್ದರು. ನಡುವೆ 1980ರಿಂದ 83ರವರೆಗೆ ಕರ್ನಾಟಕ ನಾಟಕ ಅಕಾಡೆಮಿಯ ಅಧ್ಯಕ್ಷರು. 1996ರಿಂದ 2000ದವರೆಗೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ಅಧ್ಯಕ್ಷರು.

ಇವೆಲ್ಲಕ್ಕಿಂತ ದೊಡ್ಡ ಕೆಲಸ ಹಂಪಿಯ ಕನ್ನಡ ವಿಶ್ವವಿದ್ಯಾಲಯ. ಅದರ ಮೊದಲ ಕುಲಪತಿ ಅವರು. ಕಲ್ಲು ಬಂಡೆಯ ಬಯಲಿನಲ್ಲಿ ಕಲ್ಲಿನದೇ ಕಟ್ಟಡ ಎಬ್ಬಿಸಿದರು. ಆಡಳಿತ ಕಟ್ಟಡಕ್ಕೆ 'ಕ್ರಿಯಾಶಕ್ತಿ', ಗ್ರಂಥಾಲಯಕ್ಕೆ 'ಅಕ್ಷರ', ಆವರಣಕ್ಕೆ 'ವಿದ್ಯಾರಣ್ಯ' ಅಂತ ಹೆಸರು. ಅಲ್ಲಿ ಪಾಠ ಹೇಳುವುದಕ್ಕಿಂತ ಸಂಶೋಧನೆಗೆ ಒತ್ತು. ಜಾನಪದ, ಬುಡಕಟ್ಟು, ಶಾಸನ, ಭಾಷೆ ಎಲ್ಲವನ್ನೂ ಕನ್ನಡದಲ್ಲಿಯೇ ಅಭ್ಯಾಸ ಮಾಡಬೇಕು, ಕನ್ನಡದಲ್ಲಿಯೇ ಬರೆಯಬೇಕು ಅನ್ನುವ ನಿಲುವು. ಘೋಡಗೇರಿಯ ಆಟವನ್ನು ಪಿಎಚ್.ಡಿ.ಗೆ ತಂದವರು ಇಡೀ ಒಂದು ವಿಶ್ವವಿದ್ಯಾಲಯವನ್ನು ಅದೇ ದಿಕ್ಕಿಗೆ ನಡೆಸಲು ನೋಡಿದರು. ಆ ಸಂಸ್ಥೆ ಇವತ್ತು ಅನುದಾನಕ್ಕೆ ಪರದಾಡುವ ಸುದ್ದಿ ಓದಿದಾಗ ಬೇಜಾರಾಗುತ್ತದೆ.

ಸಿನಿಮಾದಲ್ಲೂ ಕೆಲಸ ಮಾಡಿದ್ದಾರಾ?

ಮಾಡಿದ್ದಾರೆ. 'ಕರಿಮಾಯಿ', 'ಸಂಗೀತಾ', 'ಕಾಡು ಕುದುರೆ' ಚಿತ್ರಗಳನ್ನು ನಿರ್ದೇಶಿಸಿದರು. 'ಕಾಡು ಕುದುರೆ'ಯ ಹಾಡಿಗೆ ಶಿವಮೊಗ್ಗ ಸುಬ್ಬಣ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅವರ ನಾಟಕ ಆಧರಿಸಿದ 'ಋಷ್ಯಶೃಂಗ' ಚಿತ್ರದ ಸಂಗೀತಕ್ಕೆ ಬಿ.ವಿ. ಕಾರಂತರಿಗೂ ರಾಷ್ಟ್ರಪ್ರಶಸ್ತಿ. 'ಹರಕೆಯ ಕುರಿ' ಸಿನಿಮಾ ಆಯಿತು. 'ಸಿಂಗಾರೆವ್ವ ಮತ್ತು ಅರಮನೆ' ಕಾದಂಬರಿಯನ್ನು ಟಿ.ಎಸ್. ನಾಗಾಭರಣ ತೆರೆಗೆ ತಂದರು. ನನ್ನ ಮಟ್ಟಿಗೆ ಅವರ ಸಿನಿಮಾಗಳಲ್ಲಿ ಉಳಿಯುವುದು ಹಾಡು.

ಪ್ರಶಸ್ತಿಗಳು?

ಸಂಗೀತ ನಾಟಕ ಅಕಾಡೆಮಿ (1983), ಸಾಹಿತ್ಯ ಅಕಾಡೆಮಿ (1991), ಪದ್ಮಶ್ರೀ (2001), 2010ರ ಸಾಲಿನ ಜ್ಞಾನಪೀಠ, ಪದ್ಮಭೂಷಣ (2021). ಜ್ಞಾನಪೀಠ ಕನ್ನಡಕ್ಕೆ ಎಂಟನೆಯದು. 2018ರಿಂದ 2023ರವರೆಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷರು. 2019ರ ಧಾರವಾಡ ಸಾಹಿತ್ಯ ಸಮ್ಮೇಳನಕ್ಕೂ ಅವರೇ ಅಧ್ಯಕ್ಷರು. ಪರೀಕ್ಷೆಗೆ ಇಷ್ಟು ಸಾಕು.

ಅವರ ಮೇಲೆ ಟೀಕೆ ಇಲ್ವಾ?

ಇದೆ, ಇರಬೇಕು ಕೂಡ. ಮೊದಲನೆಯದು: ಹಳೆಯ ಹಳ್ಳಿಯನ್ನು ಜಾಸ್ತಿ ಚೆಂದ ಮಾಡಿ ತೋರಿಸುತ್ತಾರೆ, ಅಲ್ಲಿನ ಜಾತಿಯ ಕ್ರೌರ್ಯ ಹಾಡಿನ ಸದ್ದಿನಲ್ಲಿ ಮುಚ್ಚಿಹೋಗುತ್ತದೆ. ಇದರಲ್ಲಿ ಸ್ವಲ್ಪ ಹುರುಳಿದೆ. ಗೌಡನ ಕ್ರೌರ್ಯವನ್ನು ಅವರು ಬಿಡುವುದಿಲ್ಲ. ಆದರೆ ಊರಿನ ಕೇರಿ ಕೇರಿಗಳ ನಡುವಿನ ಗೋಡೆ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ.

ಎರಡನೆಯದು: ಹೆಣ್ಣು ಅಂದರೆ ಭೂಮಿ, ಫಲ, ತಾಯಿ ಅಂತಲೇ ಬರುತ್ತಾಳೆ. 'ಜೋಕುಮಾರಸ್ವಾಮಿ'ಯನ್ನು ಇವತ್ತು ಓದುವ ಹೆಣ್ಣುಮಕ್ಕಳು ಇದನ್ನು ಬಿಡದೆ ಕೇಳುತ್ತಾರೆ. ಗೌಡತಿಗೆ ಮಗು ಮಾತ್ರ ಬೇಕಿತ್ತಾ, ಬೇರೇನೂ ಬೇಡವಾ? ಒಳ್ಳೆಯ ಪ್ರಶ್ನೆ. ಉತ್ತರ ನಿರ್ದೇಶಕರ ಕೈಯಲ್ಲಿದೆ. ಹೊಲಕ್ಕೆ ಬುತ್ತಿ ತಂದ ದೃಶ್ಯದಲ್ಲಿ ಗೌಡತಿಯನ್ನು ಮೋಸಹೋದವಳ ಹಾಗೆ ಆಡಿಸಿದರೆ ಒಂದು ನಾಟಕ, ಗೊತ್ತಿದ್ದೂ ಕೂತವಳ ಹಾಗೆ ಆಡಿಸಿದರೆ ಇನ್ನೊಂದು. ನಾನು ಎರಡನೆಯದರ ಪಕ್ಷ.

ಜ್ಞಾನಪೀಠ ಬಂದಾಗ ಬೇರೆಯವರಿಗೆ ಬರಬೇಕಿತ್ತು ಅನ್ನುವ ಚರ್ಚೆಯೂ ನಡೆಯಿತು. ಅಂಥದ್ದು ಯಾವ ಪ್ರಶಸ್ತಿಗೆ ತಪ್ಪಿದೆ?

ಮೊದಲು ಯಾವುದು ಓದಲಿ?

'ಜೋಕುಮಾರಸ್ವಾಮಿ'. ಆಮೇಲೆ 'ಸಿರಿಸಂಪಿಗೆ'. ಮೂರನೆಯದಾಗಿ 'ಮಹಾಮಾಯಿ'. ಸಾವಿನ ತಾಯಿ ಶೆಟಿವಿಯ ಸಾಕುಮಗ ವೈದ್ಯನಾಗುತ್ತಾನೆ. ರೋಗಿಯ ಯಾವ ಮಗ್ಗುಲಲ್ಲಿ ತಾಯಿ ನಿಂತಿದ್ದಾಳೆ ಅನ್ನುವುದು ಅವನ ಕಣ್ಣಿಗೆ ಮಾತ್ರ ಕಾಣುತ್ತದೆ. ಅದರ ಮೇಲೆ ರೋಗಿ ಬದುಕುತ್ತಾನೋ ಇಲ್ಲವೋ ಅಂತ ಹೇಳುತ್ತಾನೆ. ಒಂದು ದಿನ ರಾಜಕುಮಾರಿಯ ಹಾಸಿಗೆಯ ಹತ್ತಿರ ನಿಂತಾಗ ತಾಯಿಯ ಮಾತು ಮೀರಲು ನೋಡುತ್ತಾನೆ. ಬಿಗಿಯಾದ ನಾಟಕ, ಪಾತ್ರವೂ ಕಡಿಮೆ. ಸಂಶೋಧನೆಯ ಪುಸ್ತಕ ಓದುವ ಆಸಕ್ತಿ 'ಜೋಕುಮಾರಸ್ವಾಮಿ' ಆದ ಮೇಲೆ ತಾನಾಗಿಯೇ ಬರುತ್ತದೆ. ಮೊದಲೇ ಅದನ್ನು ಕೈಗೆತ್ತಿಕೊಂಡರೆ ನಿದ್ದೆ ಬರಬಹುದು.

ನಮ್ಮದು ಕಾಲೇಜು ತಂಡ. 'ಜೋಕುಮಾರಸ್ವಾಮಿ' ಆಡಬಹುದಾ?

ಆಡಬಹುದು, ಮೊದಲು ಅನುಮತಿ ತೆಗೆದುಕೊಳ್ಳಿ. ಆಮೇಲೆ ನಟರನ್ನು ಹುಡುಕುವ ಮುಂಚೆ ಹಾಡುವವರನ್ನು ಹುಡುಕಿ. ಇಬ್ಬರು ಗಟ್ಟಿ ದನಿಯವರು, ಒಬ್ಬ ದಪ್ಪಿನವನು ಸಿಗದಿದ್ದರೆ ಬೇರೆ ನಾಟಕ ನೋಡಿಕೊಳ್ಳಿ. ರೆಕಾರ್ಡ್ ಮಾಡಿದ ಟ್ರ್ಯಾಕ್ ಹಾಕಬೇಡಿ. ಹಿಮ್ಮೇಳ ಪಾತ್ರಗಳ ಜೊತೆ ಮಾತಾಡಬೇಕು, ಟ್ರ್ಯಾಕು ಮಾತಾಡುವುದಿಲ್ಲ. ಹಿಮ್ಮೇಳದವರನ್ನು ಮೂಲೆಯಲ್ಲಿ ಕತ್ತಲಲ್ಲಿ ಕೂರಿಸಬೇಡಿ, ನಡುವೆ ನಿಲ್ಲಿಸಿ. ವೇಷಕ್ಕೆ ಜಾಸ್ತಿ ಖರ್ಚು ಬೇಡ. ಪಂಚೆ, ಇಳಕಲ್ ಸೀರೆ, ಒಂದು ಬಂದೂಕು ಇದ್ದರೆ ಸಾಕು.

ಕೆಲವು ಕಡೆ ಬೈಗುಳ ಮತ್ತು ಶೃಂಗಾರದ ಸಾಲುಗಳನ್ನು ತೆಗೆದುಬಿಡಿ ಅನ್ನುತ್ತಾರೆ. ತೆಗೆದರೆ ಏನೂ ಉಳಿಯುವುದಿಲ್ಲ. ಜೋಕುಮಾರನ ಹಾಡುಗಳನ್ನು ಹಳ್ಳಿಯ ಅಜ್ಜಿಯರು ಅಂಗಳದಲ್ಲಿ ಕೂತು ಹಾಡುತ್ತಾರೆ, ನಮಗೇನು ನಾಚಿಕೆ?

ಕನ್ನಡ ಓದಲು ಬಾರದ ಗೆಳೆಯರಿಗೆ ಏನು ಕೊಡಲಿ?

'ಜೋಕುಮಾರಸ್ವಾಮಿ'ಯ ಇಂಗ್ಲಿಷ್ ಅನುವಾದ ಇದೆ. ಮಾಡಿದವರು ಸರೋದ್ ವಾದಕ ರಾಜೀವ ತಾರಾನಾಥರು, ಇಂಗ್ಲಿಷ್ ಸಾಹಿತ್ಯ ಓದಿಕೊಂಡು ಪಾಠವನ್ನೂ ಹೇಳಿದವರು. 'ಸಿರಿಸಂಪಿಗೆ'ಯೂ ಇಂಗ್ಲಿಷಿನಲ್ಲಿ ಸಿಗುತ್ತದೆ. ಅಮೆರಿಕದಲ್ಲೋ ದುಬೈಯಲ್ಲೋ ಬೆಳೆದ, ಕನ್ನಡ ಮಾತು ಬರುವ ಆದರೆ ಅಕ್ಷರ ಬಾರದ ಮಕ್ಕಳಿದ್ದರೆ ಅನುವಾದ ಬೇಡ. ಕಂಬಾರರು ತಾವೇ ಹಾಡಿದ ವಿಡಿಯೊಗಳು ಇವೆ, ಅವುಗಳಿಂದ ಶುರು ಮಾಡಿಸಿ.